ರಸ್ತೆ ಬದಿ ಮಣ್ಣಿನ ಸೀಸ ಪರೀಕ್ಷೆ: ಮಾದರಿ ತೆಗೆಯುವುದು ಹೇಗೆ?

ಪ್ರಶ್ನೆ: ವಾಹನ ದಟ್ಟಣೆಯ ರಸ್ತೆಯಿಂದ 8 ಮೀಟರ್ ದೂರದಲ್ಲಿ ಸೊಪ್ಪು ಬೆಳೆಯಬೇಕಿದೆ. ಸೀಸ, ಸತು, ಕ್ಯಾಡ್ಮಿಯಂ ಪರೀಕ್ಷೆಗೆ ಮಣ್ಣು ಎಲ್ಲಿಂದ, ಎಷ್ಟು ಆಳದಿಂದ ತೆಗೆಯಬೇಕು?

ಮಣ್ಣುಹುಳು: ರಸ್ತೆಗೆ ಸಮಾನಾಂತರವಾಗಿ 1, 5, 10, 20 ಮೀಟರ್ ದೂರದಲ್ಲಿ ಸಾಲು ಹಾಕಿ. ಪ್ರತಿ ಸಾಲಿನ ಹತ್ತು ಕಡೆ ಮೇಲಿನ 5 ಸೆಂ.ಮೀ. ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋ ಇಟ್ಟುಕೊಳ್ಳಿ. ಬೇರಿನ ಆಳದ್ದು, ಅಂದರೆ 15–20 ಸೆಂ.ಮೀ.ವರೆಗಿನದ್ದು, ಬೇರೆ ಚೀಲಕ್ಕೆ. ಸಾಲುಗಳನ್ನು ಮಾತ್ರ ಒಂದಕ್ಕೊಂದು ಬೆರೆಸಬೇಡಿ, ದೂರದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಗ್ಯಾಲ್ವನೈಸ್ಡ್ ಸಲಿಕೆಯೂ ಬೇಡ. ಅದರ ಲೇಪನವೇ ಸತು! ನೆರಳಲ್ಲಿ ಒಣಗಿಸಿ, 2 ಮಿ.ಮೀ. ಪ್ಲಾಸ್ಟಿಕ್ ಜರಡಿ ಹಿಡಿಯಿರಿ.

ಕೆಸರುಗದ್ದೆ: ಜೊತೆಗೆ ಲ್ಯಾಬಿನವರಲ್ಲಿ ಪಿಎಚ್ (ಮಣ್ಣಿನ ಆಮ್ಲೀಯತೆಯ ಅಳತೆ) ಕೇಳಿ. 6.5ಕ್ಕಿಂತ ಕೆಳಗಿಳಿದರೆ ಕ್ಯಾಡ್ಮಿಯಂ, ಸತು ಗಿಡಕ್ಕೆ ಸುಲಭವಾಗಿ ಏರುತ್ತವೆ. ಸುಣ್ಣ ಹಾಕಿ ಸರಿಪಡಿಸಬಹುದು. ಸೀಸವನ್ನು ಮಣ್ಣಲ್ಲೇ ಹಿಡಿದಿಡಲು ಫಾಸ್ಫೇಟ್ ಹಾಕುವವರಿದ್ದಾರೆ, ಆದರೆ ಮಣ್ಣಲ್ಲಿ ಆರ್ಸೆನಿಕ್ ಇದ್ದರೆ ಅದನ್ನೇ ಸಡಿಲಗೊಳಿಸಿದಂತಾದೀತು.

ಮಣ್ಣುಹುಳು: ಹೌದು. ಸೀಸ ಬೇರಿನಿಂದ ಹೆಚ್ಚು ಮೇಲೇರುವುದಿಲ್ಲ, ಎಲೆಗೆ ಅಂಟುವ ಧೂಳೇ ದೊಡ್ಡ ತಲೆನೋವು. ಪೆಟ್ರೋಲಿನಿಂದ ಸೀಸ ಹೋದರೂ ಹಳೆಯದು ಮೇಲ್ಮಣ್ಣಲ್ಲೇ ಕೂತಿದೆ. ಟೈರಿನ ಸತು, ಬ್ರೇಕಿನ ತಾಮ್ರ ಈಗಲೂ ಬೀಳುತ್ತಿವೆ. ಅಲ್ಲಿ ಸೊಪ್ಪಿಗಿಂತ ಬದನೆ, ಟೊಮೆಟೊ ವಾಸಿ. ರಸ್ತೆಯ ಕಡೆ ದಟ್ಟ ಬೇಲಿಗಿಡ ಹಾಕಿ, ಬರಿನೆಲಕ್ಕೆ ಹೊದಿಕೆ ಹಾಸಿ.