ಬಾಡಿಗೆ ಮನೆ ಕೊಡುವಾಗ ಏನೇನು ದಾಖಲೆ ಇಟ್ಟುಕೊಳ್ಳಬೇಕು?

ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆಯನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಡುತ್ತೇವೆ. ಹೋದ ಸಲದವರು ಖಾಲಿ ಮಾಡಿದಾಗ ವಾಶ್ ಬೇಸಿನ್ ಬಿರುಕು ಬಿಟ್ಟಿತ್ತು, ಕೇಳಿದರೆ 'ಮೊದಲೇ ಹಾಗಿತ್ತು ಅಂಕಲ್' ಅಂದರು. ಈ ಸಲ ಏನು ಮಾಡಲಿ?

ಉತ್ತರ 1: ಸುಮ್ನೆ ಫೋಟೋ ತೆಗೆದು ನಿಮ್ಮ ಮೊಬೈಲಲ್ಲೇ ಇಟ್ಟುಕೊಂಡರೆ ಸಾಲದು ಸಾರ್. ಬೀಗದ ಕೈ ಕೊಡುವ ದಿನ ಅವರನ್ನೂ ಕರೆದುಕೊಂಡು ರೂಮು ರೂಮು ಓಡಾಡಿ ವಿಡಿಯೋ ಮಾಡಿ, ನಲ್ಲಿ, ಫ್ಯಾನು, ಫ್ಲಶ್, ಬೆಸ್ಕಾಂ ಮೀಟರ್ ರೀಡಿಂಗ್ ಎಲ್ಲಾ ಬರಲಿ, ಅಲ್ಲೇ ವಾಟ್ಸಾಪ್ ಮಾಡಿ 'ಸರಿ ಇದೆ' ಅಂತ ಉತ್ತರ ತಗೊಳ್ಳಿ.

ಉತ್ತರ 2: ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ, 11 ತಿಂಗಳ ಕರಾರಿನ ಜೊತೆ ಇಡಿ. ಗೋಡೆ ಬಣ್ಣ ಮಾಸಿದ್ದಕ್ಕೆಲ್ಲ ಅಡ್ವಾನ್ಸಲ್ಲಿ ಹಿಡಿಯಬೇಡಿ, ಅದು ನ್ಯಾಯ ಅಲ್ಲ.

ಅವರು ಬಾಡಿಗೆಗೆ ಇರುವಾಗ ನಡುವೆ ಹೋಗಿ ಮನೆ ನೋಡಬಹುದಾ?

ಉತ್ತರ 2: ನೋಡಿ, ಆದರೆ ಹೇಳಿ ಹೋಗಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ 24 ಗಂಟೆ ಮುಂಚೆ ತಿಳಿಸಬೇಕು ಅಂತಿದೆ.