ಅಪ್‌ಡೇಟ್: ಸರ್ವರ್ ಲಾಗಿನ್ ನಿಧಾನ, ಕಾರಣ ಸಿಕ್ಕಿತು

ಶಿವಮೊಗ್ಗದ ನಮ್ಮ ಅಡಿಕೆ ಮಂಡಿಯ ರಿಮೋಟ್ ಡೆಸ್ಕ್‌ಟಾಪ್ ಸರ್ವರ್ (ಶಾಖೆಯವರು ದೂರದಿಂದಲೇ ಲಾಗಿನ್ ಆಗಿ ಕೆಲಸ ಮಾಡುವ ಕಂಪ್ಯೂಟರ್) ಯಾಕಿಷ್ಟು ನಿಧಾನ ಎಂದು ಕೇಳಿದ್ದೆ. ವಿಂಡೋಸ್ ಸರ್ವರ್ 2019, ಯೂಸರ್ ಪ್ರೊಫೈಲ್ ಡಿಸ್ಕ್ (ಪ್ರತಿ ಬಳಕೆದಾರರ ಸೆಟ್ಟಿಂಗ್, ಫೈಲ್ ಇಡುವ ಪ್ರತ್ಯೇಕ ಡಿಸ್ಕ್ ಫೈಲ್) ಬಳಕೆ. ತೀರ್ಥಹಳ್ಳಿ, ಸಾಗರದ ಶಾಖೆಯವರು ಲಾಗಿನ್ ಆದರೆ ನಿಮಿಷಗಟ್ಟಲೆ ಕಪ್ಪು ಪರದೆ. ಕೆಲವೊಮ್ಮೆ ಸ್ಟಾರ್ಟ್ ಮೆನುವೇ ತೆರೆಯುತ್ತಿರಲಿಲ್ಲ.

ಮಲೆನಾಡಿನ ಇಂಟರ್ನೆಟ್ ಮೇಲೆ ಅನುಮಾನ ಬರುವುದು ಸಹಜ ಅಲ್ವಾ? ಆದರೆ ಸರ್ವರ್ ಪಕ್ಕದಲ್ಲೇ ಕೂತು ಲಾಗಿನ್ ಆದರೂ ಅಷ್ಟೇ ನಿಧಾನ. ಲೈನ್ ತಪ್ಪಲ್ಲ.

ನಿಜವಾದ ಕಾರಣ ಫೈರ್‌ವಾಲ್ ರೂಲ್‌ಗಳು, ಅಂದರೆ ಯಾವ ನೆಟ್‌ವರ್ಕ್ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳು. ಯಾರೇ ಲಾಗಿನ್ ಆದರೂ ವಿಂಡೋಸ್ ತನ್ನ ಆ್ಯಪ್‌ಗಳಿಗಾಗಿ ಆ ಬಳಕೆದಾರರ ಹೆಸರಲ್ಲಿ ಹೊಸ ರೂಲ್‌ಗಳನ್ನು ಬರೆಯುತ್ತದೆ. ಲಾಗಾಫ್ ಆದಾಗ ಅಳಿಸುವುದಿಲ್ಲ. ಅವು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಹುತ್ತದ ಹಾಗೆ ಬೆಳೆಯುತ್ತವೆ. ಅಡಿಕೆ ಸೀಸನ್‌ನಲ್ಲಿ ಜನ ಜಾಸ್ತಿ ಲಾಗಿನ್ ಆಗುವುದರಿಂದ ನಮ್ಮಲ್ಲಿ ಬೇಗ ತುಂಬಿತ್ತು.

ಪರಿಹಾರ: ರಿಜಿಸ್ಟ್ರಿಯ ಶೇರ್ಡ್‌ಆ್ಯಕ್ಸೆಸ್ ಸರ್ವಿಸ್ ಕೆಳಗೆ, ಪ್ಯಾರಾಮೀಟರ್ಸ್ ಒಳಗಿನ ಫೈರ್‌ವಾಲ್‌ಪಾಲಿಸಿ ಕೀಯಲ್ಲಿ 'ಡಿಲೀಟ್‌ಯೂಸರ್‌ಆ್ಯಪ್‌ಕಂಟೇನರ್ಸ್‌ಆನ್‌ಲಾಗಾಫ್' (DeleteUserAppContainersOnLogoff) ಎಂಬ ಡಿವರ್ಡ್ (DWORD, ಸಂಖ್ಯೆ ಇಡುವ ನಮೂದು) ಸೇರಿಸಿ, ಅದರ ವ್ಯಾಲ್ಯೂ 1 ಎಂದು ಕೊಡಿ. ವಿಂಡೋಸ್ ಅಪ್‌ಡೇಟ್‌ಗಳು ಪೂರ್ತಿ ಆಗಿರಲಿ, ಇಲ್ಲದಿದ್ದರೆ ಈ ಸೆಟ್ಟಿಂಗ್ ಕೆಲಸ ಮಾಡದೆ ಸುಮ್ನೆ ಕೂತಿರುತ್ತದೆ. ಇದು ಮುಂದಿನ ಕಸವನ್ನಷ್ಟೇ ತಡೆಯುತ್ತದೆ. ಹಳೆಯ ರೂಲ್‌ಗಳನ್ನು ನಾವೇ ತೆಗೆಯಬೇಕು. ಅದಕ್ಕೆ ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ, ಸರ್ವರ್ ಬ್ಯಾಕಪ್ ತೆಗೆದುಕೊಳ್ಳಿ. ಅವಸರ ಬೇಡ. ನಾನು ಮಂಡಿ ರಜೆ ಇದ್ದ ದಿನ ಮಾಡಿದೆ.

ಈಗ ಸಾಗರದವರಿಗೂ ಡೆಸ್ಕ್‌ಟಾಪ್ ಸೆಕೆಂಡುಗಳಲ್ಲಿ ಬರುತ್ತಿದೆ. ಫೈರ್‌ವಾಲ್ ಕಡೆ ನೋಡಿ ಎಂದು ಹೇಳಿದವರಿಗೆ ಮನಸಾರೆ ಧನ್ಯವಾದ.