ಗೋವಾದಾಗ ಮನಿ ಹೊರಗಿನ ಗ್ವಾಡಿ ತೊಳಿಯೋ ಕೆಲಸ ಏಜೆಂಟರ ಕಡಿಂದ ಹಿಡಿಯೋದು ಹ್ಯಾಂಗ?

ಗದಗಿನ_ಗಾಳಿ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಗದಗ ಕಡೆಯಾಂವ, ಈಗ ವಾಸ್ಕೋ ಹತ್ರ ಝುವಾರಿನಗರದಾಗ ಇರ್ತೀನಿ. ಮೊದ್ಲ ಪೇಂಟಿಂಗ್ ಕಾಂಟ್ರ್ಯಾಕ್ಟರ್ ಕೈಕೆಳಗ ಇದ್ದೆ, ಈಗ ಸ್ವಂತ ಪ್ರೆಶರ್ ಮಷಿನ್ ತಗೊಂಡು ಹೊರಗಿನ ಗ್ವಾಡಿ, ಕಂಪೌಂಡು, ಅಂಗಳದ ಫರಸಿ ತೊಳದು ಕೊಡ್ತೀನಿ, ನಾನು ಮತ್ತ ನಮ್ಮ ಅಳಿಯ ಇಬ್ಬರೇ. ಮಳಿ ನಿಂತ ಮ್ಯಾಲೆ ಇಲ್ಲಿ ಗ್ವಾಡಿ ಹ್ಯಾಂಗ ಕರ್ರಗ ಆಗಿರ್ತಾವು ನಿಮಗ ಗೊತ್ತೈತಿ, ಕೆಲಸಕ್ಕೇನ ಕಮ್ಮಿ ಇಲ್ಲ, ಆದ್ರ ಅದು ನನ್ನ ತನಕ ಬರವಲ್ದು. ಪರ್ವರಿ, ಅಸಗಾಂವ ಕಡೆ ಬಂಗ್ಲೆಗಳು ಬೀಗ ಹಾಕ್ಕೊಂಡು ನಿಂತಾವು, ಮಾಲಕರು ದಿಲ್ಲಿ ಮುಂಬೈದಾಗ, ಕೀಲಿ ಏಜೆಂಟರ ಕೈಯಾಗ. ಅವರ ಆಫೀಸಿಗೆ ಹೋಗಿ ಕಾರ್ಡ್ ಕೊಟ್ಟು ಬಂದೀನ್ರಿ, ಫೋನ್ ಮಾಡ್ತೀವಿ ಅಂತಾರ, ಮಾಡಂಗಿಲ್ಲ. ಕಮಿಷನ್ ಎಷ್ಟು ಹೇಳಬೇಕು? ಇಲ್ಲಾ ಅದರ ಮಾತೇ ತಗೀಬಾರದಾ? ಯಾರರ ಈ ಲೈನಿನಾಗ ಇದ್ರ ಹೇಳ್ರಿ.

ಮಾಪುಸಾ_ಸಂತೆ:
ನಾನು ಏಜೆಂಟ್ ಆಫೀಸಲ್ಲೇ ಕೆಲಸ ಮಾಡೋದು, ಮೂಲ ಕಾರವಾರ. ನಿಮ್ಮ ಕಾರ್ಡ್ ಎಲ್ಲಿ ಹೋಗತ್ತೆ ಹೇಳ್ತೇನೆ, ಡ್ರಾಯರಿಗೆ, ಅಲ್ಲಿ ಆಗಲೇ ಪ್ಲಂಬರ್, ಎಸಿ ರಿಪೇರಿ, ಪೆಸ್ಟ್ ಕಂಟ್ರೋಲ್ ಎಲ್ಲರ ಕಾರ್ಡೂ ಇದೆ. ಮನೆ ಮಾರಿದ್ರೆ ನಮ್ಮ ಸಾಹೇಬ್ರಿಗೆ ಸಿಗೋ ಕಮಿಷನ್ ಲಕ್ಷದ ಲೆಕ್ಕದಲ್ಲಿ, ನೀವು ಗೋಡೆ ತೊಳೆದು ಕೊಡೋ ಐನೂರೋ ಸಾವಿರವೋ ರೂಪಾಯಿಗೆ ಅವರು ತಲೆನೇ ಎತ್ತಲ್ಲ. ಅವರಿಗೆ ಬೇಕಿರೋದು ತಲೆನೋವು ಇಲ್ಲದೆ ಕೆಲಸ ಮುಗಿಯೋದು. ಕೀಲಿ ತಗೊಂಡು ಹೋದವನು ಹೇಳಿದ ದಿನ ಬಂದ್ನಾ, ಗೇಟ್ ಹಾಕಿ ಹೋದ್ನಾ, ಪಕ್ಕದ ಮನೆಯವರು ಕಾರಿನ ಮೇಲೆ ಕೆಸರು ಹಾರ್ತು ಅಂತ ಆಫೀಸಿಗೆ ಫೋನ್ ಮಾಡಿದ್ರಾ, ಇಷ್ಟೇ ನೋಡ್ತಾರೆ.

ಇನ್ನೊಂದು, ಏಜೆಂಟ್‌ಗೆ ವರ್ಷ ಪೂರ್ತಿ ನಿಮ್ಮ ನೆನಪು ಬರಲ್ಲ. ಮನೆ ಮಾರಾಟಕ್ಕೆ ಹಾಕೋಕೆ ಫೋಟೋ ತೆಗೆಸುವಾಗ, ಬಾಡಿಗೆಯವರು ಬಿಟ್ಟು ಹೊಸಬರು ಬರೋ ಮಧ್ಯೆ, ಆಮೇಲೆ ಮುಂಬೈ ಪಾರ್ಟಿ ಶನಿವಾರ ನೋಡೋಕೆ ಬರ್ತದೆ ಅಂತ ಬುಧವಾರ ಗೊತ್ತಾದಾಗ. ಆ ಬುಧವಾರ ಫೋನ್ ಎತ್ತಿದವನಿಗೆ ಕೆಲಸ. ಅದಕ್ಕೇ ಸಾಹೇಬ್ರನ್ನ ಬಿಡಿ, ಕೀಲಿ ನೋಡ್ಕೊಳ್ಳೋ ಹುಡುಗನ್ನೋ ಹುಡುಗಿನ್ನೋ ಪರಿಚಯ ಮಾಡ್ಕೊಳ್ಳಿ, ಯಾರನ್ನ ಕರೀಬೇಕು ಅಂತ ತೀರ್ಮಾನ ಮಾಡೋದು ಅವರೇ. ಆನ್‌ಲೈನಲ್ಲಿ ಅವರು ಹಾಕಿರೋ ಜಾಹೀರಾತು ನೋಡಿ, ಯಾವ ಮನೆ ಫೋಟೋದಲ್ಲಿ ಕಂಪೌಂಡ್ ಕರ್ರಗೆ ಕಾಣ್ತದೋ ಅದೇ ಫೋಟೋ ವಾಟ್ಸಾಪ್ ಮಾಡಿ, "ಈ ಗೋಡೆ ಗುರುವಾರದೊಳಗೆ ಬಿಳಿ ಮಾಡಿ ಕೊಡ್ತೇನೆ, ಫೋಟೋ ಹೊಸದಾಗಿ ತೆಗೀಬಹುದು" ಅಂತ ಒಂದೇ ಸಾಲು. ಒಪ್ಪಿದ್ರೆ ಮೊದಲು ಗೇಟ್ ಪಕ್ಕ ಒಂದು ಅಡಿ ಅಗಲ ಮಾತ್ರ ತೊಳೆದು, ತೊಳೆದದ್ದು ತೊಳೆಯದ್ದು ಎರಡೂ ಒಟ್ಟಿಗೆ ಕಾಣೋ ಹಾಗೆ ಫೋಟೋ ಕಳಿಸಿ. ನಾವು ಅದನ್ನೇ ಮಾಲಕರಿಗೆ ಫಾರ್ವರ್ಡ್ ಮಾಡ್ತೇವೆ, ದಿಲ್ಲಿಯಲ್ಲಿ ಕೂತವರಿಗೆ ಮಾತಿಗಿಂತ ಅದೇ ಅರ್ಥ ಆಗೋದು.

ಮಡಗಾಂವ್_ಮಾಮ:
ಅವರು ಹೇಳಿದ್ದೆಲ್ಲ ಸರಿ, ದುಡ್ಡಿನ ಮಾತು ಮಾತ್ರ ಹಾರಿಸಿದ್ರು ನೋಡಿ 😄 ಇಲ್ಲಿ ಒಬ್ಬ ಬ್ರೋಕರ್ ನನ್ನ ಹತ್ರ ಎರಡು ಮನೆ ಕೆಲಸ ಮಾಡಿಸ್ಕೊಂಡ, ಮಾಲಕರು ಕೊಡ್ತಾರೆ ಅಂದ, ಮಾಲಕರಿಗೆ ಫೋನ್ ಮಾಡಿದ್ರೆ ನಾನು ಏಜೆಂಟ್‌ಗೆ ಆಗಲೇ ಹಾಕಿದೀನಲ್ಲ ಅಂದ್ರು, ಆಮೇಲೆ ಇಬ್ಬರೂ ಫೋನ್ ಎತ್ತಲಿಲ್ಲ. ಈಗ ಏಜೆಂಟು, ಮಾಲಕರು, ನಾನು ಮೂರೇ ಜನರ ವಾಟ್ಸಾಪ್ ಗ್ರೂಪ್ ಮಾಡಿ ರೇಟ್ ಅಲ್ಲೇ ಬರೆದು "ಓಕೆ" ಬಂದ ಮೇಲೇ ಮಷಿನ್ ಗಾಡಿಗೆ ಏರ್ಸೋದು. ಅರ್ಧ ಮೊದಲು, ಅರ್ಧ ಕೀಲಿ ವಾಪಸ್ ಕೊಡೋ ಮುಂಚೆ, ಮಾಲಕರಿಂದ ನೇರ ನನ್ನ ಯುಪಿಐಗೆ. ಕಮಿಷನ್ ನೀವಾಗಿ ಎತ್ತಬೇಡಿ. ಕೇಳಿದ್ರೆ ಕೊಡಿ ಬೇಕಾದ್ರೆ, ಆದ್ರೆ ದುಡ್ಡು ಕೈಗೆ ಬಂದ ಮೇಲೆ.

ಪುಣೆ_ಪರದೇಸಿ:
ಪುಣೆಯಿಂದ ಬರೀತಿದ್ದೀನಿ, ಇಲ್ಲಿ ಕಥೆ ಬೇರೆ. ಫ್ಲ್ಯಾಟ್ ಆದ್ರೆ ಹೊರಗಿನ ಗೋಡೆ ಸೊಸೈಟಿದು, ಏಜೆಂಟ್ ಹೇಳಿದ ಅಂತ ಮುಟ್ಟೋಕಾಗಲ್ಲ, ಕಮಿಟಿಯವರ ಹತ್ರ ಹೋಗ್ಬೇಕು. ಏಜೆಂಟ್ ದಾರಿ ನಡೆಯೋದು ರೋ ಹೌಸು ಬಂಗ್ಲೆಗೆ ಮಾತ್ರ. ಏಜೆಂಟರನ್ನ ಹುಡುಕೋಕೆ ಬೀದಿ ಬೀದಿ ಸುತ್ತಬೇಡಿ, 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ನೋಂದಣಿಯಾದ ಪ್ರಾಜೆಕ್ಟ್ ಮಾರೋ ಏಜೆಂಟ್ ತಾನೂ ನೋಂದಣಿ ಮಾಡ್ಸಿರಲೇಬೇಕು, ಮಹಾರಾಷ್ಟ್ರದ್ದೂ ಗೋವಾದ್ದೂ ಪಟ್ಟಿ ಆಯಾ ರೇರಾ ಸೈಟಲ್ಲೇ ಸಿಗತ್ತೆ. ಬರೀ ಬಾಡಿಗೆ ಮಾಡ್ಸೋ ಬ್ರೋಕರ್‌ಗಳು ಅದರಲ್ಲಿ ಇರಲ್ಲ ಅಷ್ಟೇ.

ಆಮೇಲೆ ಹೊಸ ಮನೆ ಗೋಡೆ ತೇವ ಹೀರಿ ಕಪ್ಪಾಗಿದ್ರೆ ತೊಳೆದ್ರೆ ಹೋಗಲ್ಲ, ಮತ್ತೆ ಬರತ್ತೆ, ಬೈಗುಳ ನಿಮಗೆ. ಅದೇ ರೇರಾದಲ್ಲಿ ಸ್ವಾಧೀನ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದ ಕೆಲಸದಲ್ಲಿ ದೋಷ ಕಂಡ್ರೆ ಬಿಲ್ಡರೇ ಸರಿ ಮಾಡ್ಬೇಕು ಅಂತಿದೆ, ಮಾಲಕರಿಗೆ ಅದನ್ನ ಹೇಳಿ ಕೆಲಸ ಬಿಟ್ಟು ಬನ್ನಿ. ಒಂದು ಕೆಲಸ ಹೋದ್ರೂ ಆ ಏಜೆಂಟ್ ಮುಂದೆ ನಿಮ್ಮನ್ನೇ ಕರೀತಾನೆ. ಬಿಲ್ ಕೇಳಿದ್ರೆ ಹೆದರಬೇಡಿ, ಸರ್ವಿಸ್ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟೋ ತನಕ ಜಿಎಸ್‌ಟಿ ಬೇಡ. ಕಂಪನಿ ಹೆಸರಲ್ಲಿ ಬಿಲ್ಲಾದ್ರೆ ಪ್ಯಾನ್ ನಂಬರ್ ಮರೀದೆ ಕೊಡಿ, ಇಲ್ಲಾಂದ್ರೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯೋ ತೆರಿಗೆ) ಜಾಸ್ತಿ ಕಡೀತಾರೆ.

ಹೆಂಚಿನ_ಮನೆ:
ಕೆಲಸ ಹಿಡಿಯೋದು ಎಲ್ಲರೂ ಹೇಳಿದ್ರು, ಉಳಿಸಿಕೊಳ್ಳೋದು ನಾನು ಹೇಳ್ತೆ. ಗೋವಾದ ಹಳೇ ಮನೆ ಅಂದ್ರೆ ಚಿರೇಕಲ್ಲು, ಮೇಲೆ ಸುಣ್ಣದ ಗಾರೆ. ಮಷಿನ್ ಜೊತೆ ಬರೋ ಕೆಂಪು ನಾಜಲ್ ಇದೆಯಲ್ಲ, ನೀರು ಒಂದೇ ಗೆರೆಯಲ್ಲಿ ಚಿಮ್ಮೋ ಸೊನ್ನೆ ಡಿಗ್ರಿದು, ಅದನ್ನ ಬ್ಯಾಗಿಂದಲೇ ತೆಗೆದಿಡಿ, ಗಾರೆ ಕೆತ್ತಿ ಹಾಕ್ತದೆ. ಬಿಳಿ ನಾಜಲ್, ನೀರು ಅಗಲಕ್ಕೆ ಹರಡೋ 40 ಡಿಗ್ರಿದು, ದೂರದಿಂದ. ಪಾಚಿಗೆ ಪ್ರೆಶರ್ ಬೇಕಿಲ್ಲ ಮಾರಾಯ್ರೆ, ಹೈಪೋ (ಬ್ಲೀಚ್ ದ್ರಾವಣ, ಸೋಡಿಯಂ ಹೈಪೋಕ್ಲೋರೈಟ್) ತೆಳು ಮಾಡಿ ಹೊಡೆದು ಸ್ವಲ್ಪ ಬಿಟ್ಟು ತೊಳೆದ್ರೆ ಬುಡದಿಂದ ಹೋಗ್ತದೆ. ಹೈಪೋ ಜೊತೆ ಆ್ಯಸಿಡ್ ಮಾತ್ರ ಅಪ್ಪಿತಪ್ಪಿ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಏಳ್ತದೆ, ಜೀವಕ್ಕೇ ಅಪಾಯ. ಹೆಂಚಿಗೆ ನೀರು ಮೇಲಿಂದ ಕೆಳಗೆ ಬಿಡಿ, ಕೆಳಗಿಂದ ಹೊಡೆದ್ರೆ ಹೆಂಚಿನ ಸಂದಿಯಿಂದ ಮನೆ ಒಳಗೇ ಮಳೆ. ಶುರು ಮಾಡೋ ಮುಂಚೆ ಅಂಗಳ ಒಮ್ಮೆ ಸುತ್ತಿ ಬನ್ನಿ, ಬಾವಿ ಎಲ್ಲಿದೆ, ನೀರು ಯಾವ ಕಡೆ ಹರೀತದೆ. ಎದುರಿಗೆ ತುಳಸಿಕಟ್ಟೆ ಇದ್ರೆ ಗಿಡಕ್ಕೆ ಮೊದಲೇ ಒಂದು ಕೊಡ ಬರೀ ನೀರು ಹಾಕಿ ಪ್ಲಾಸ್ಟಿಕ್ ಮುಚ್ಚಿ. ಗೋಡೆ ಎಷ್ಟು ಬೆಳ್ಳಗಾದ್ರೂ ತುಳಸಿ ಒಣಗಿದ್ರೆ ಆ ಮನೆಗೆ ಮತ್ತೆ ಯಾರೂ ನಿಮ್ಮನ್ನ ಸೇರಿಸೂದಿಲ್ಲ.

ಗದಗಿನ_ಗಾಳಿ:
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಅಲ್ರಿ ಮಾಪುಸಾದವರ, ಬೀಗ ಹಾಕಿದ ಮನಿಯಾಗ ನೀರು ಕರೆಂಟ್ ಹ್ಯಾಂಗ? ಟ್ಯಾಂಕರ್ ನಾನೇ ತರಸಬೇಕಾ?

ಮಾಪುಸಾ_ಸಂತೆ:
ರೇಟ್ ಹೇಳೋ ಮುಂಚೆ ಕೇಳ್ಕೊಳ್ಳಿ ಅದನ್ನ. ಎಷ್ಟೋ ಮನೆಯಲ್ಲಿ ಪಂಪ್ ಬಂದ್ ಮಾಡಿಟ್ಟಿರ್ತಾರೆ, ಟ್ಯಾಂಕ್ ಖಾಲಿ. ಹಿಂದಿನ ದಿನವೇ ಪಂಪ್ ಹಾಕಿ ಟ್ಯಾಂಕ್ ತುಂಬಿಸಿಡಿ ಅಂತ ಕೀಲಿ ಹುಡುಗನಿಗೆ ಮೆಸೇಜ್ ಹಾಕಿ, ಹೊರಗಡೆ 16 ಆ್ಯಂಪ್ ಪಾಯಿಂಟ್ ಇದೆಯಾ ಅದನ್ನೂ ಕೇಳಿ. ಇಲ್ಲ ಅಂದ್ರೆ ಟ್ಯಾಂಕರ್ ಖರ್ಚು ಬೇರೆ ಅಂತ ಗ್ರೂಪಲ್ಲೇ ಬರೀರಿ. ನಾಳೆ ಹನ್ನೊಂದರ ಮೇಲೆ ನಮ್ಮ ಆಫೀಸ್ ಕಡೆ ಬರೋದಾದ್ರೆ ಇನ್‌ಬಾಕ್ಸಲ್ಲಿ ಅಡ್ರೆಸ್ ಕೊಡ್ತೇನೆ, ಒಂದು ರೋ ಹೌಸ್ ಇದೆ, ಕಂಪೌಂಡ್ ಪೂರಾ ಪಾಚಿ.